ಉಪವಾಸದಿಂದ ಗಂಜಿಯವರೆಗೆ: ನಾಯಿ ಕಲಿಸಿದ ಮೇದೋಜೀರಕ ಗ್ರಂಥಿಯ ಪಾಠ

ಹಬ್ಬ ಮುಗಿದ ಮರುದಿನ ಕೆಲವು ಮನೆಗಳಲ್ಲಿ ನಾಯಿಗೆ ಕಾಯಿಲೆ. ಹತ್ತು ಹನ್ನೊಂದು ವರ್ಷದ, ತುಸು ಮೈ ಬಂದ ನಾಯಿ. ಮನೆಯವರು ಪ್ರೀತಿಯಿಂದ ತುಪ್ಪ ಸುರಿದ ಹೋಳಿಗೆಯನ್ನೋ ಮಾಂಸದ ಕೊಬ್ಬಿನ ತುಂಡುಗಳನ್ನೋ ಹಾಕಿರುತ್ತಾರೆ. ಮರುದಿನ ಅದು ಅನ್ನ ಮುಟ್ಟುವುದಿಲ್ಲ. ಮೇಲಿಂದ ಮೇಲೆ ವಾಂತಿ ಮಾಡುತ್ತದೆ. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಮೇಲೆತ್ತಿ, ನಮಸ್ಕಾರ ಮಾಡುವಂತೆ ನಿಲ್ಲುತ್ತದೆ. ಅದು ಭಕ್ತಿಯಲ್ಲ, ಹೊಟ್ಟೆನೋವು. ಪಶುವೈದ್ಯರು ಪರೀಕ್ಷಿಸಿ ‘ಪ್ಯಾಂಕ್ರಿಯಾಟೈಟಿಸ್’ ಎನ್ನುತ್ತಾರೆ. ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ. ಎಲ್ಲ ಸಲವೂ ಕಾರಣ ಹಬ್ಬದೂಟವೇ ಆಗಿರುವುದಿಲ್ಲ. ಎಷ್ಟೋ ಸಲ ಕಾರಣ ತಿಳಿಯುವುದೇ ಇಲ್ಲ.

ಡ್ರಿಪ್ಪು, ಇಂಜೆಕ್ಷನ್ನುಗಳ ನಂತರ ನಾಯಿ ಚೇತರಿಸಿಕೊಂಡು ಮನೆಗೆ ಬರುತ್ತದೆ. ಆಗ ಏಳುವ ಪ್ರಶ್ನೆ ಒಂದೇ: ಇದಕ್ಕೆ ಊಟ ಹಾಕಬೇಕೇ, ಬೇಡವೇ? ‘ಹೊಟ್ಟೆ ಕೆಟ್ಟಿದೆ, ನಾಲ್ಕು ದಿನ ಖಾಲಿ ಬಿಡಿ, ತಾನೇ ಸರಿಹೋಗುತ್ತದೆ’ ಎಂದು ಮನೆಯ ಹಿರಿಯರು ಹೇಳುತ್ತಾರೆ. ‘ಸ್ವಲ್ಪ ಸ್ವಲ್ಪವಾಗಿ ಇವತ್ತೇ ಶುರು ಮಾಡಿ’ ಎಂದು ವೈದ್ಯರು ಹೇಳುತ್ತಾರೆ. ಇಬ್ಬರಲ್ಲಿ ಯಾರು ಸರಿ? ಮೂವತ್ತು ವರ್ಷಗಳ ಹಿಂದೆ ಕೇಳಿದ್ದರೆ ವೈದ್ಯರೂ ಹಿರಿಯರ ಮಾತನ್ನೇ ಹೇಳುತ್ತಿದ್ದರು. ಅವರ ಅಭಿಪ್ರಾಯ ಬದಲಾದದ್ದು ಹೇಗೆ ಎಂಬುದನ್ನು ತಿಳಿಯಲು ಸುಮಾರು ನಾಲ್ಕು ಶತಮಾನಗಳ ಹಿಂದಕ್ಕೆ ಹೋಗಬೇಕು. ಆ ದಾರಿಯ ಹೆಚ್ಚುಕಡಿಮೆ ಪ್ರತಿಯೊಂದು ಮೈಲಿಗಲ್ಲಿನ ಬಳಿಯೂ ಒಂದು ನಾಯಿ ಇದೆ.

ಬರೀ ಮಾಂಸದ ಮೆತ್ತೆ

ಮೇದೋಜೀರಕ ಗ್ರಂಥಿಯ ಇಂಗ್ಲಿಷ್ ಹೆಸರು ‘ಪ್ಯಾಂಕ್ರಿಯಾಸ್’. ಗ್ರೀಕ್ ಭಾಷೆಯಲ್ಲಿ ‘ಪಾನ್’ ಎಂದರೆ ಎಲ್ಲ, ‘ಕ್ರೆಯಾಸ್’ ಎಂದರೆ ಮಾಂಸ. ಮೂಳೆಯಿಲ್ಲ, ಮೃದ್ವಸ್ಥಿಯಿಲ್ಲ, ಎಲ್ಲವೂ ಮಾಂಸ. ಹೆಸರಿನಲ್ಲೇ ಅಂದಿನವರ ಅಜ್ಞಾನ ಅಡಗಿದೆ. ಜಠರದ ಹಿಂದೆ ಅಡಗಿರುವ ಈ ಅಂಗ ಅಲ್ಲಿನ ದೊಡ್ಡ ರಕ್ತನಾಳಗಳಿಗೆ ಮೆತ್ತೆಯಂತೆ ಆಸರೆಯಾಗಿದೆ ಎಂದು ಗೇಲನ್ ಭಾವಿಸಿದ್ದರು. ಈ ಅಭಿಪ್ರಾಯ ಸಾವಿರಕ್ಕೂ ಹೆಚ್ಚು ವರ್ಷ ಉಳಿಯಿತು.

1642ರ ಮಾರ್ಚ್‌ನಲ್ಲಿ ಇಟಲಿಯ ಪಾದುವಾ ನಗರದಲ್ಲಿ ಯೋಹಾನ್ ಗೆಯೋರ್ಗ್ ವಿರ್ಸುಂಗ್ ಅವರು ಮರಣದಂಡನೆಗೆ ಗುರಿಯಾಗಿದ್ದ ವ್ಯಕ್ತಿಯೊಬ್ಬನ ದೇಹವನ್ನು ಛೇದಿಸುತ್ತಿದ್ದಾಗ ಗ್ರಂಥಿಯ ಉದ್ದಕ್ಕೂ ಸಾಗುವ ನಾಳವೊಂದನ್ನು ಕಂಡರು. ಅದು ಅಪಧಮನಿಯೋ ಅಭಿಧಮನಿಯೋ ಅವರಿಗೆ ತಿಳಿಯಲಿಲ್ಲ. ಒಳಗೆ ರಕ್ತವಂತೂ ಇರಲಿಲ್ಲ. ಅವರು ನಾಳದ ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೊರೆಸಿ, ಅದರ ಅಚ್ಚುಗಳನ್ನು ಯೂರೋಪಿನ ಹೆಸರಾಂತ ಅಂಗರಚನಾಶಾಸ್ತ್ರಜ್ಞರಿಗೆ ಕಳುಹಿಸಿ ಅಭಿಪ್ರಾಯ ಕೇಳಿದರು. ಮರುವರ್ಷವೇ ಅವರ ಕೊಲೆಯಾಯಿತು. ನಾಳವಿದ್ದ ಮೇಲೆ ಅದರಲ್ಲಿ ಏನೋ ಹರಿಯಬೇಕು. ಏನದು? ಶವದಲ್ಲಿ ಇದಕ್ಕೆ ಉತ್ತರ ಸಿಗುವಂತಿರಲಿಲ್ಲ. ಜೀವಂತ ಪ್ರಾಣಿಯೇ ಬೇಕಾಗಿತ್ತು.

ಗರಿಯ ಕೊಳವೆ

1664ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಓದುತ್ತಿದ್ದ, ಇನ್ನೂ ಇಪ್ಪತ್ತಮೂರರ ಆಸುಪಾಸಿನ ರೆಗ್ನಿಯರ್ ಡಿ ಗ್ರಾಫ್ ಅವರು ಜೀವಂತ ನಾಯಿಯ ಹೊಟ್ಟೆ ಸೀಳಿ, ಹಕ್ಕಿಯ ಗರಿಯ ಟೊಳ್ಳು ಕಾಂಡವನ್ನು ಆ ನಾಳದೊಳಗೆ ತೂರಿಸಿ, ಹೊರಗೆ ಪುಟ್ಟ ಸೀಸೆಯೊಂದನ್ನು ಕಟ್ಟಿದರು. ಹನಿಹನಿಯಾಗಿ ರಸ ಇಳಿಯಿತು. ಮೇದೋಜೀರಕ ರಸವನ್ನು ಹೀಗೆ ಸಂಗ್ರಹಿಸಿದ ಮೊದಲಿಗರು ಅವರು. ಅಂದು ಅರಿವಳಿಕೆ ಇರಲಿಲ್ಲ. ಶಸ್ತ್ರಕ್ರಿಯೆಗೆ ಈಥರ್ ಬಳಕೆಯ ಪ್ರಸಿದ್ಧ ಪ್ರದರ್ಶನ ನಡೆದದ್ದು 1846ರಲ್ಲಿ. ಆ ನಾಯಿ ಪಟ್ಟ ಪಾಡನ್ನು ಓದುಗರೇ ಊಹಿಸಬಹುದು.

ಇಲ್ಲೊಂದು ಪಾಠವಿದೆ. ಜೀರ್ಣಕ್ರಿಯೆ ಎಂದರೆ ಆಮ್ಲ ಮತ್ತು ಪ್ರತ್ಯಾಮ್ಲಗಳ ಹೋರಾಟ ಎಂಬುದು ಡಿ ಗ್ರಾಫ್‌ರ ಗುರು ಸಿಲ್ವಿಯಸ್‌ರ ವಾದ. ಅದರ ಪ್ರಕಾರ ಈ ರಸ ಹುಳಿಯಾಗಿರಬೇಕು. ಡಿ ಗ್ರಾಫ್ ರಸದ ರುಚಿ ನೋಡಿದರು, ಹುಳಿ ಇದೆ ಎಂದೇ ತೀರ್ಮಾನಿಸಿದರು. ನಿಜವಾಗಿ ಅದು ಬೈಕಾರ್ಬೊನೇಟ್ ತುಂಬಿದ ಪ್ರತ್ಯಾಮ್ಲೀಯ ರಸ. ಗುರುವಿನ ಸಿದ್ಧಾಂತ ಶಿಷ್ಯನ ನಾಲಗೆಯನ್ನೂ ಆಳಿತ್ತು!

1683ರಲ್ಲಿ ಸ್ವಿಟ್ಜರ್‌ಲೆಂಡಿನ ಯೋಹಾನ್ ಕೊನ್ರಾಡ್ ಬ್ರುನ್ನರ್ ಇನ್ನೊಂದು ದಾರಿ ಹಿಡಿದರು. ನಾಯಿಗಳ ಮೇದೋಜೀರಕ ಗ್ರಂಥಿಯ ಬಹುಭಾಗವನ್ನು ಕತ್ತರಿಸಿ ತೆಗೆದರು. ನಾಯಿಗಳು ಬದುಕಿದವು. ಹಾಗಾದರೆ ಈ ಗ್ರಂಥಿ ಜೀವಕ್ಕೆ ಅನಿವಾರ್ಯವಲ್ಲ ಎಂದು ಅವರು ತೀರ್ಮಾನಿಸಿದರು. ಉಳಿದಿದ್ದ ಚೂರು ಗ್ರಂಥಿಯೇ ನಾಯಿಯನ್ನು ಉಳಿಸಿತ್ತು ಎಂಬುದು ಅವರಿಗೆ ಹೊಳೆಯಲಿಲ್ಲ. ಕೆಲವು ನಾಯಿಗಳಿಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಎಂಬುದನ್ನು ಅವರು ಬರೆದಿಟ್ಟಿದ್ದರೂ ಅದರ ಅರ್ಥ ತಿಳಿಯಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ತನ್ನ ಮಾಂಸವನ್ನೇ ತಿನ್ನುವ ಮೊಲ

1846ರಲ್ಲಿ ಪ್ಯಾರಿಸ್‌ನ ಕ್ಲಾಡ್ ಬರ್ನಾರ್ಡ್ ಅವರ ಪ್ರಯೋಗಾಲಯಕ್ಕೆ ಪೇಟೆಯಿಂದ ಕೆಲವು ಮೊಲಗಳು ಬಂದವು. ಮೇಜಿನ ಮೇಲೆ ಅವು ಹೊಯ್ದ ಮೂತ್ರ ತಿಳಿಯಾಗಿಯೂ ಆಮ್ಲೀಯವಾಗಿಯೂ ಇತ್ತು. ಹುಲ್ಲು ತಿನ್ನುವ ಮೊಲದ ಮೂತ್ರ ಕದಡಿದಂತಿದ್ದು ಪ್ರತ್ಯಾಮ್ಲೀಯವಾಗಿರಬೇಕು. ಮಾಂಸಾಹಾರಿಗಳ ಮೂತ್ರ ಮಾತ್ರ ಹೀಗಿರುತ್ತದೆ. ಬರ್ನಾರ್ಡ್ ಹೀಗೆ ಯೋಚಿಸಿದರು: ಈ ಮೊಲಗಳಿಗೆ ಬಹಳ ಹೊತ್ತಿನಿಂದ ಯಾರೂ ಮೇವು ಹಾಕಿಲ್ಲ. ಉಪವಾಸವಿದ್ದ ಮೊಲ ತನ್ನ ದೇಹದ ಮಾಂಸವನ್ನೇ ಕರಗಿಸಿಕೊಂಡು ಬದುಕುತ್ತಿದೆ, ಅಂದರೆ ಅದೂ ಮಾಂಸಾಹಾರಿಯೇ. ಹುಲ್ಲು ಹಾಕಿದಾಗ ಮೂತ್ರ ಮೊದಲಿನಂತಾಯಿತು. ಉಪವಾಸ ಕೆಡವಿದಾಗ ಮತ್ತೆ ಆಮ್ಲೀಯವಾಯಿತು. ಈ ಸಂಗತಿಯನ್ನು ನೆನಪಿಡಿ, ಮುಂದೆ ನಮ್ಮ ಮುದಿ ನಾಯಿಗೆ ಇದು ಬೇಕಾಗುತ್ತದೆ.

ಊಹೆಯನ್ನು ಖಚಿತಪಡಿಸಿಕೊಳ್ಳಲು ಅವರು ಮೊಲಗಳಿಗೆ ಬೇಯಿಸಿದ ಮಾಂಸ ತಿನ್ನಿಸಿ, ಆಮೇಲೆ ಛೇದಿಸಿ ನೋಡಿದರು. ಆಗ ಇನ್ನೊಂದು ವಿಚಿತ್ರ ಕಾಣಿಸಿತು. ಕೊಬ್ಬನ್ನು ಹೀರಿದ ಕರುಳಿನ ದುಗ್ಧನಾಳಗಳು ಹಾಲಿನಂತೆ ಬೆಳ್ಳಗಾಗುತ್ತವೆ. ಮೊಲದಲ್ಲಿ ಈ ಬಿಳುಪು ಪಿತ್ತನಾಳ ಸೇರುವ ಜಾಗದಲ್ಲಿ ಆರಂಭವಾಗಿರಲಿಲ್ಲ. ಅಲ್ಲಿಂದ ಸುಮಾರು 30 ಸೆಂ.ಮೀ. ಕೆಳಗೆ, ಮೇದೋಜೀರಕ ನಾಳ ಬಂದು ಸೇರುವಲ್ಲಿಂದ ಆರಂಭವಾಗಿತ್ತು. ನಾಯಿಯಲ್ಲಿ ಈ ಎರಡು ನಾಳಗಳು ಹತ್ತಿರ ಹತ್ತಿರ ಸೇರುವುದರಿಂದ ಭೇದ ಯಾರಿಗೂ ಕಂಡಿರಲಿಲ್ಲ. ಕೊಬ್ಬಿನ ಜೀರ್ಣಕ್ಕೆ ಮೇದೋಜೀರಕ ರಸ ಬೇಕೇಬೇಕು ಎಂದು ಬರ್ನಾರ್ಡ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಸಾಧಿಸಿ ತೋರಿಸಿದರು.

1856ರ ತಮ್ಮ ಪ್ರಬಂಧದಲ್ಲಿ ಅವರು ಮತ್ತೊಂದು ಪ್ರಯೋಗವನ್ನು ವಿವರಿಸಿದ್ದಾರೆ. ನಾಯಿಯ ಮೇದೋಜೀರಕ ನಾಳಕ್ಕೆ ಪಿತ್ತರಸ ಮತ್ತು ಆಲಿವ್ ಎಣ್ಣೆಯನ್ನು ಒಳಹಾಯಿಸಿದಾಗ ಗ್ರಂಥಿಗೆ ತೀವ್ರ ಉರಿಯೂತ ಬಂತು. ಪ್ರಯೋಗಾಲಯದಲ್ಲಿ ಉಂಟುಮಾಡಿದ ಮೊದಲ ಪ್ಯಾಂಕ್ರಿಯಾಟೈಟಿಸ್ ಎಂದು ಇದನ್ನು ಗುರುತಿಸುತ್ತಾರೆ. ರೋಗಿ ನಾಯಿಯೇ ಆಗಿತ್ತು. ಬರ್ನಾರ್ಡ್‌ರ ಪತ್ನಿ ಇಂಥ ಪ್ರಯೋಗಗಳನ್ನು ಸಹಿಸಲಿಲ್ಲ. 1870ರಲ್ಲಿ ದಂಪತಿ ಬೇರೆಯಾದರು.

ಗ್ರಂಥಿ ತನ್ನನ್ನೇ ಜೀರ್ಣಿಸಿಕೊಂಡಾಗ

ಮಾಂಸವನ್ನು ಕರಗಿಸುವ ರಸವನ್ನು ತಯಾರಿಸುವ ಗ್ರಂಥಿಯೂ ಮಾಂಸವೇ ಅಲ್ಲವೇ? ಅದೇಕೆ ಕರಗುವುದಿಲ್ಲ? 1875ರಲ್ಲಿ ಜರ್ಮನಿಯ ರುಡಾಲ್ಫ್ ಹೈಡನ್‌ಹೈನ್ ಇದಕ್ಕೆ ಉತ್ತರ ಕೊಟ್ಟರು. ತಾಜಾ ಗ್ರಂಥಿಯಲ್ಲಿರುವುದು ಚುರುಕಾದ ಕಿಣ್ವವಲ್ಲ, ಅದರ ನಿಷ್ಕ್ರಿಯ ಪೂರ್ವರೂಪ. ಮರುವರ್ಷ ವಿಲ್‌ಹೆಲ್ಮ್ ಕ್ಯೂನೆ ಪ್ರೋಟೀನನ್ನು ಒಡೆಯುವ ಈ ಕಿಣ್ವಕ್ಕೆ ‘ಟ್ರಿಪ್ಸಿನ್’ ಎಂದು ಹೆಸರಿಟ್ಟರು. ಅದರ ಪೂರ್ವರೂಪವೇ ಟ್ರಿಪ್ಸಿನೋಜನ್. ಅದನ್ನು ಎಚ್ಚರಿಸುವ ಇನ್ನೊಂದು ಕಿಣ್ವ ಸಣ್ಣ ಕರುಳಿನ ಗೋಡೆಯಲ್ಲಿದೆ ಎಂಬುದು 1899ರಲ್ಲಿ ರಷ್ಯದ ಇವಾನ್ ಪಾವ್ಲೋವ್ ಅವರ ಪ್ರಯೋಗಾಲಯದಲ್ಲಿ ತಿಳಿಯಿತು. ಕಾರ್ಖಾನೆ ಒಂದೆಡೆ, ಬೀಗದ ಕೈ ಇನ್ನೊಂದೆಡೆ. ಸುರಕ್ಷತೆಯ ಏರ್ಪಾಡು ಅದು.

ಕರುಳಿಗೆ ತಲುಪುವ ಮೊದಲೇ, ಗ್ರಂಥಿಯೊಳಗೇ ಟ್ರಿಪ್ಸಿನ್ ಎಚ್ಚೆತ್ತರೆ ಅದು ಉಳಿದ ಕಿಣ್ವಗಳನ್ನೂ ಎಚ್ಚರಿಸುತ್ತದೆ. ಗ್ರಂಥಿಯ ಜೀವಕೋಶಗಳು, ರಕ್ತನಾಳಗಳು, ಸುತ್ತಲಿನ ಕೊಬ್ಬು ಎಲ್ಲಕ್ಕೂ ಪೆಟ್ಟು. ಲೈಪೇಸ್ ಕಿಣ್ವ ಕೊಬ್ಬನ್ನು ಒಡೆದಾಗ ಬರುವ ಮೇದಾಮ್ಲಗಳು ಕ್ಯಾಲ್ಸಿಯಮ್‌ನೊಡನೆ ಕೂಡಿ ಸಾಬೂನಿನಂಥ ಬಿಳಿ ಚುಕ್ಕೆಗಳಾಗುತ್ತವೆ. 1889ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಮನುಷ್ಯರ ತೀವ್ರ ಪ್ಯಾಂಕ್ರಿಯಾಟೈಟಿಸ್‌ನ ಲಕ್ಷಣಗಳನ್ನು ಮೊದಲ ಬಾರಿಗೆ ಕ್ರಮಬದ್ಧವಾಗಿ ವಿವರಿಸಿದರು. 1896ರಲ್ಲಿ ಪ್ರಾಗ್‌ನ ಹಾನ್ಸ್ ಕಿಯಾರಿ ಇದನ್ನು ‘ಸ್ವಯಂಜೀರ್ಣ’ ಎಂದು ಗುರುತಿಸಿದರು. ಒಂದು ಶತಮಾನದ ಬಳಿಕ, 1996ರಲ್ಲಿ, ಮನುಷ್ಯರಲ್ಲಿ ಕೆಲವು ಕುಟುಂಬಗಳಿಗೆ ಅನುವಂಶಿಕವಾಗಿ ಬರುವ ಪ್ಯಾಂಕ್ರಿಯಾಟೈಟಿಸ್‌ಗೆ ಟ್ರಿಪ್ಸಿನೋಜನ್ ಜೀನಿನ ದೋಷವೇ ಕಾರಣ ಎಂದು ಗೊತ್ತಾದಾಗ ಕಿಯಾರಿಯವರ ಊಹೆಗೆ ಬಲವಾದ ಆಧಾರ ಸಿಕ್ಕಿತು.

ಅದೇ 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಫಾನ್ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ನಾಯಿಯ ಇಡೀ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಬ್ರುನ್ನರ್ ನಾಯಿಗಳ ಬಾಯಾರಿಕೆಯ ಒಗಟು ಬಿಡಿಸಿತು. ಅಲ್ಲಿಂದ 1921ರ ಬೇಸಿಗೆಯಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಡೆಸಿದ ಇನ್ಸುಲಿನ್ ಪ್ರಯೋಗಗಳವರೆಗಿನ ಕಥೆ ನಮ್ಮ ಓದುಗರಿಗೆ ಗೊತ್ತಿರುವಂಥದ್ದೇ. ಅದರ ಮುಂದಿನ ಪುಟ ಅಷ್ಟು ಪರಿಚಿತವಲ್ಲ. ಗ್ರಂಥಿ ಕಳೆದುಕೊಂಡ ನಾಯಿಗಳು ಇನ್ಸುಲಿನ್ ಪಡೆದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಕೆಲವು ತಿಂಗಳಲ್ಲಿ ಸಾಯುತ್ತಿದ್ದವು. ಊಟದ ಜೊತೆ ಹಸಿ ಮೇದೋಜೀರಕ ಗ್ರಂಥಿಯನ್ನೂ ಹಾಕಿದಾಗ ಬದುಕಿದವು. ರಕ್ತಕ್ಕೆ ಇನ್ಸುಲಿನ್, ಕರುಳಿಗೆ ಕಿಣ್ವ: ಒಂದೇ ಗ್ರಂಥಿಗೆ ಎರಡು ಕೆಲಸ.

ಗೋಡೆಯ ಗಾರೆ ಮತ್ತು ಕಂದು ನಾಯಿ

ಗ್ರಂಥಿಗೆ ರಸ ಸುರಿಸುವ ಆಜ್ಞೆ ಎಲ್ಲಿಂದ ಬರುತ್ತದೆ? ಪಾವ್ಲೋವ್ ಅವರು ನಾಯಿಗಳಿಗೆ ಶಸ್ತ್ರಕ್ರಿಯೆ ಮಾಡಿ, ನಾಳದ ಬಾಯಿಯನ್ನು ಹೊಟ್ಟೆಯ ಚರ್ಮಕ್ಕೆ ಹೊಲಿದು, ಗಾಯ ಮಾಗಿದ ಮೇಲೆ ಆರೋಗ್ಯವಂತ ನಾಯಿಯಲ್ಲಿ ರಸದ ಹರಿವನ್ನು ಅಳೆಯುತ್ತಿದ್ದರು. ಹೊರಸುರಿಯುವ ರಸ ನಾಯಿಯ ಚರ್ಮವನ್ನೇ ತಿನ್ನುತ್ತಿತ್ತು. ಪಾವ್ಲೋವ್ ತಮ್ಮ ಉಪನ್ಯಾಸದಲ್ಲಿ ಹೇಳಿರುವ ಒಂದು ಪ್ರಸಂಗ ಇದು. ಹೀಗೆ ಹುಣ್ಣಾಗಿದ್ದ ನಾಯಿಯೊಂದು ರಾತ್ರಿ ಗೋಡೆಯ ಗಾರೆಯನ್ನು ಕಿತ್ತು ಪುಡಿಮಾಡಿ ಅದರ ಮೇಲೆ ಮಲಗಿತ್ತು. ಬೇರೆ ಕಡೆ ಕಟ್ಟಿದರೂ ಅದನ್ನೇ ಮಾಡಿತು. ಪುಡಿ ರಸವನ್ನು ಹೀರಿಕೊಂಡು ಚರ್ಮ ವಾಸಿಯಾಯಿತು. ಆಮೇಲೆ ಇಂಥ ನಾಯಿಗಳಿಗೆ ರಸ ಹೀರುವ ಹಾಸಿಗೆ ಹಾಕುವುದು ರೂಢಿಯಾಯಿತು. ರೋಗಿಯೇ ವೈದ್ಯರಿಗೆ ಕಲಿಸಿದ ಆರೈಕೆ!

ಆಜ್ಞೆ ನರಗಳ ಮೂಲಕವೇ ಹೋಗುತ್ತದೆ ಎಂಬುದು ಪಾವ್ಲೋವ್‌ರ ನಂಬಿಕೆ. 1902ರ ಜನವರಿ 16ರಂದು ಲಂಡನ್ನಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಅರಿವಳಿಕೆ ಕೊಟ್ಟ ನಾಯಿಯ ಸಣ್ಣ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲ ಹಾಕಿದರು. ಆದರೂ ಗ್ರಂಥಿ ರಸ ಸುರಿಸಿತು. ಕರುಳಿನ ಒಳಪದರವನ್ನು ಕೆರೆದು, ಆಮ್ಲದಲ್ಲಿ ಅರೆದು, ಸೋಸಿ ರಕ್ತಕ್ಕೆ ಸೇರಿಸಿದರು. ಮತ್ತೆ ರಸ! ಸಂದೇಶ ಹೊತ್ತದ್ದು ನರವಲ್ಲ, ರಕ್ತದಲ್ಲಿ ಸಾಗುವ ರಾಸಾಯನಿಕ. ಅದೇ ‘ಸೆಕ್ರೆಟಿನ್’. ಇಂಥ ರಾಸಾಯನಿಕಗಳಿಗೆ 1905ರಲ್ಲಿ ಸ್ಟಾರ್ಲಿಂಗ್ ‘ಹಾರ್ಮೋನ್’ ಎಂಬ ಪದವನ್ನು ಬಳಕೆಗೆ ತಂದರು. ಕೊಬ್ಬು ಮತ್ತು ಪ್ರೋಟೀನ್ ಕರುಳಿಗೆ ಬಂದಾಗ ಪಿತ್ತಕೋಶವನ್ನು ಹಿಂಡುವ, ಕಿಣ್ವಗಳನ್ನು ಹೊರಡಿಸುವ ಇನ್ನೊಂದು ಹಾರ್ಮೋನ್ ಕೊಲಿಸಿಸ್ಟೋಕೈನಿನ್. ಅದು 1928ರಲ್ಲಿ ಬೆಳಕಿಗೆ ಬಂತು.

ಮರುವರ್ಷ, 1903ರ ಫೆಬ್ರವರಿಯಲ್ಲಿ, ಬೇಲಿಸ್ ವಿದ್ಯಾರ್ಥಿಗಳ ಮುಂದೆ ಕಂದು ಬಣ್ಣದ ನಾಯಿಯೊಂದರ ಮೇಲೆ ಪ್ರಾತ್ಯಕ್ಷಿಕೆ ನಡೆಸಿದರು. ಅದರ ಮೇದೋಜೀರಕ ಗ್ರಂಥಿಯ ಮೇಲೆ ಎರಡು ತಿಂಗಳ ಹಿಂದಷ್ಟೇ ಶಸ್ತ್ರಕ್ರಿಯೆ ನಡೆದಿತ್ತು. ನಾಯಿಗೆ ಸರಿಯಾದ ಅರಿವಳಿಕೆ ಇರಲಿಲ್ಲ ಎಂದು ಅಲ್ಲಿದ್ದ ಇಬ್ಬರು ಸ್ವೀಡಿಷ್ ಯುವತಿಯರು ಆರೋಪಿಸಿದರು. ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. ಆದರೆ ವಿವಾದ ಆರಲಿಲ್ಲ. 1906ರಲ್ಲಿ ಲಂಡನ್ನಿನ ಬ್ಯಾಟರ್‌ಸೀಯಲ್ಲಿ ಆ ನಾಯಿಯ ಸ್ಮಾರಕ ಎದ್ದಿತು. 1907ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದರು. 1910ರಲ್ಲಿ ಅದನ್ನು ತೆಗೆಯಲಾಯಿತು. 1985ರಲ್ಲಿ ಹೊಸದೊಂದು ಪ್ರತಿಮೆ ಬಂತು.

‘ವಿಶ್ರಾಂತಿ’ ಎಂಬ ಸಿದ್ಧಾಂತ

ಇಷ್ಟು ತಿಳಿದ ಮೇಲೆ ಚಿಕಿತ್ಸೆಯ ದಾರಿ ಸ್ಪಷ್ಟವಾದಂತೆ ತೋರಿತು. ತರ್ಕ ಹೀಗೆ: ಆಹಾರ ಕರುಳಿಗೆ ಬಂದರೆ ಹಾರ್ಮೋನುಗಳು ಹೊರಡುತ್ತವೆ, ಹಾರ್ಮೋನು ಹೊರಟರೆ ಗ್ರಂಥಿ ಕಿಣ್ವ ಸುರಿಸುತ್ತದೆ, ಕಿಣ್ವ ಹೆಚ್ಚಿದರೆ ಸ್ವಯಂಜೀರ್ಣವೂ ಹೆಚ್ಚುತ್ತದೆ. ಆದ್ದರಿಂದ ಬಾಯಿಗೆ ಏನೂ ಹಾಕಬೇಡಿ, ಗ್ರಂಥಿಗೆ ವಿಶ್ರಾಂತಿ ಕೊಡಿ. ಇಪ್ಪತ್ತನೆಯ ಶತಮಾನದ ಬಹುಭಾಗ ಮನುಷ್ಯರಿಗೂ ನಾಯಿಗಳಿಗೂ ಇದೇ ಚಿಕಿತ್ಸೆ. ವಾಂತಿ ನಿಲ್ಲುವವರೆಗೆ ಎರಡು ದಿನವೋ ನಾಲ್ಕು ದಿನವೋ ನಾಯಿ ಉಪವಾಸ. ಉಪವಾಸವೇ ಮದ್ದು ಎಂಬ ಹಳೆಯ ನಂಬಿಕೆಗೂ ಆಧುನಿಕ ಶರೀರಕ್ರಿಯಾಶಾಸ್ತ್ರಕ್ಕೂ ಇಲ್ಲಿ ತಾಳೆಯಾಗಿತ್ತು.

1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್ಲಿ ಡಡ್ರಿಕ್ ಬೀಗಲ್ ಮರಿಗಳನ್ನು ಬಾಯಿಯಿಂದ ಏನನ್ನೂ ಕೊಡದೆ, ಪೂರ್ತಿ ಪೋಷಣೆಯನ್ನು ರಕ್ತನಾಳದ ಮೂಲಕವೇ ಕೊಟ್ಟು ಬೆಳೆಸಿ ತೋರಿಸಿದರು. ಇದರಿಂದ ರೋಗಿಯ ಕರುಳನ್ನು ವಾರಗಟ್ಟಲೆ ಖಾಲಿ ಬಿಡುವುದು ಸಾಧ್ಯವಾಯಿತು. ವಿಶ್ರಾಂತಿ ಸಿದ್ಧಾಂತಕ್ಕೆ ಇನ್ನೇನು ಬೇಕು?

ತರ್ಕದ ಸರಪಳಿ ನೋಡಲು ಗಟ್ಟಿಯಾಗಿತ್ತು. ಆದರೆ ಅದರ ಎರಡು ಕೊಂಡಿಗಳನ್ನು ಯಾರೂ ರೋಗಿಯಲ್ಲಿ ಪರೀಕ್ಷಿಸಿರಲಿಲ್ಲ. ಮೊದಲನೆಯದು: ಆರೋಗ್ಯವಂತ ನಾಯಿಯ ಗ್ರಂಥಿ ಊಟಕ್ಕೆ ರಸ ಸುರಿಸುತ್ತದೆ, ನಿಜ. ಉರಿಯೂತವಿರುವ ಗ್ರಂಥಿಯೂ ಹಾಗೆಯೇ ಸುರಿಸುತ್ತದೆಯೇ? ಪ್ರಾಣಿಗಳಲ್ಲಿ ಅಳೆದು ನೋಡಿದಾಗ ಪೆಟ್ಟು ತಿಂದ ಗ್ರಂಥಿಯ ಸ್ರಾವ ಆಗಲೇ ಕುಗ್ಗಿರುವುದು ಕಂಡಿತು. ದಣಿದು ಕುಳಿತವನಿಗೆ ‘ಕೂತ್ಕೋ’ ಎಂದಂತೆ! ಎರಡನೆಯದು: ಖಾಲಿ ಬಿಟ್ಟ ಕರುಳು ಸುಮ್ಮನಿರುತ್ತದೆಯೇ? ಇಲ್ಲ. ಕರುಳಿನ ಒಳಪದರದ ಜೀವಕೋಶಗಳು ತಮ್ಮ ಪೋಷಣೆಯ ಒಂದು ಪಾಲನ್ನು ಹಾದುಹೋಗುವ ಆಹಾರದಿಂದಲೇ ನೇರವಾಗಿ ಪಡೆಯುತ್ತವೆ. ಆಹಾರವಿಲ್ಲದಿದ್ದರೆ ಅಲ್ಲಿನ ಬೆರಳಿನಂಥ ರಸಾಂಕುರಗಳು ಕುಗ್ಗುತ್ತವೆ, ತಡೆಗೋಡೆ ಸಡಿಲಾಗುತ್ತದೆ, ಬ್ಯಾಕ್ಟೀರಿಯಗಳು ನುಸುಳಿ ಸತ್ತ ಗ್ರಂಥಿಭಾಗದಲ್ಲಿ ಸೋಂಕು ಹಬ್ಬಿಸಬಹುದು.

1997ರಲ್ಲಿ ಗ್ರೀಸ್‌ನ ಪಾತ್ರಾಸ್ ನಗರದ ಶಸ್ತ್ರವೈದ್ಯರು ತೀವ್ರ ಪ್ಯಾಂಕ್ರಿಯಾಟೈಟಿಸ್‌ನ 38 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಕೊಳವೆಯ ಮೂಲಕ ಕರುಳಿಗೆ ಆಹಾರ, ಇನ್ನೊಂದಕ್ಕೆ ರಕ್ತನಾಳದ ಮೂಲಕ. ಕರುಳಿಗೆ ಆಹಾರ ಪಡೆದವರಲ್ಲಿ ಸೋಂಕು ಮತ್ತಿತರ ತೊಡಕುಗಳು ಕಡಿಮೆ. ಮುಂದಿನ ವರ್ಷಗಳಲ್ಲಿ ಬಂದ ಇಂಥ ಹಲವು ಅಧ್ಯಯನಗಳು ಇದನ್ನೇ ಹೇಳಿದವು. 2002ರಲ್ಲಿ ಚೀನಾದ ಸಂಶೋಧಕರು ನಾಯಿಗಳಲ್ಲಿ ಪ್ರಯೋಗ ಮಾಡಿ, ಬೇಗನೆ ಕರುಳಿಗೆ ಆಹಾರ ಕೊಟ್ಟರೆ ಗ್ರಂಥಿಯ ಸ್ಥಿತಿ ಕೆಡುವುದಿಲ್ಲ, ಕರುಳಿನ ತಡೆಗೋಡೆಯೂ ಉಳಿಯುತ್ತದೆ ಎಂದು ತೋರಿಸಿದರು.

2011ರಲ್ಲಿ ಪ್ರಕಟವಾದ ಅಧ್ಯಯನದ ವಿಶೇಷವೆಂದರೆ ಅದರಲ್ಲಿದ್ದವು ಪ್ರಯೋಗಕ್ಕೆಂದು ಕಾಯಿಲೆ ಬರಿಸಿದ ನಾಯಿಗಳಲ್ಲ, ಆಸ್ಪತ್ರೆಗೆ ಬಂದ ಮನೆ ನಾಯಿಗಳು. ತೀವ್ರ ಪ್ಯಾಂಕ್ರಿಯಾಟೈಟಿಸ್‌ನ ಹತ್ತು ನಾಯಿಗಳಲ್ಲಿ ಕೆಲವಕ್ಕೆ ಕುತ್ತಿಗೆಯ ಬಳಿಯಿಂದ ಅನ್ನನಾಳಕ್ಕೆ ಹಾಕಿದ ಕೊಳವೆಯಲ್ಲಿ, ಉಳಿದವಕ್ಕೆ ರಕ್ತನಾಳದಲ್ಲಿ ಆಹಾರ ಕೊಟ್ಟರು. ಕೊಳವೆಯಲ್ಲಿ ಊಟ ಪಡೆದವೇ ಕಡಿಮೆ ವಾಂತಿ ಮಾಡಿದವು. ಹತ್ತೇ ನಾಯಿಗಳ ಪ್ರಾಯೋಗಿಕ ಅಧ್ಯಯನ, ದೊಡ್ಡ ಮಾತು ಆಡುವಂತಿಲ್ಲ. ಆದರೆ 2017ರಲ್ಲಿ 34 ನಾಯಿಗಳ ದಾಖಲೆಗಳನ್ನು ಪರಿಶೀಲಿಸಿದಾಗಲೂ ಬೇಗ ಊಟ ಆರಂಭಿಸಿದವು ಬೇಗ ತಾವಾಗಿ ತಿನ್ನತೊಡಗಿದ್ದು ಕಂಡಿತು. ಹೀಗೆ ವಿಶ್ರಾಂತಿ ಸಿದ್ಧಾಂತ ತನ್ನ ಪೀಠದಿಂದ ಇಳಿಯಿತು.

ಇದಕ್ಕೆ ಔಷಧಗಳ ನೆರವೂ ಬೇಕಾಗಿತ್ತು. ವಾಂತಿ ಮಾಡುವ ನಾಯಿ ತಿನ್ನುವುದಾದರೂ ಹೇಗೆ? ನಾಯಿಗಳಿಗಾಗಿಯೇ ರೂಪಿಸಿದ ವಾಂತಿ ತಡೆಯುವ ಮದ್ದು ಮಾರೋಪಿಟೆಂಟ್‌ಗೆ 2007ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದೇ ಕಾಲದಲ್ಲಿ ರೋಗಪತ್ತೆಯೂ ಸುಧಾರಿಸಿತು. ಮನುಷ್ಯರಲ್ಲಿ ಉಪಯುಕ್ತವಾದ ರಕ್ತದ ಅಮೈಲೇಸ್ ಪರೀಕ್ಷೆ ನಾಯಿಗಳಲ್ಲಿ ನೆಚ್ಚಲು ತಕ್ಕುದಲ್ಲ. 2000ದ ದಶಕದ ಆರಂಭದಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ನಾಯಿಯ ಮೇದೋಜೀರಕ ಗ್ರಂಥಿಯ ಲೈಪೇಸನ್ನೇ ಗುರುತಿಸುವ ಪರೀಕ್ಷೆ ಸಿದ್ಧವಾಯಿತು. ಅದರೊಡನೆ ಅಲ್ಟ್ರಾಸೌಂಡ್ ಚಿತ್ರವನ್ನೂ ನಾಯಿಯ ಲಕ್ಷಣಗಳನ್ನೂ ಕೂಡಿಸಿ ವೈದ್ಯರು ನಿರ್ಣಯಕ್ಕೆ ಬರುತ್ತಾರೆ.

ಮುದಿ ನಾಯಿಯ ಬಟ್ಟಲಿನ ಲೆಕ್ಕ

ಈಗ ಮನೆಗೆ ಮರಳೋಣ. ಬರ್ನಾರ್ಡ್‌ರ ಹಸಿದ ಮೊಲ ನೆನಪಿದೆಯೇ? ಉಪವಾಸವಿದ್ದ ಪ್ರಾಣಿ ತನ್ನ ಮಾಂಸವನ್ನೇ ತಿನ್ನುತ್ತದೆ. ಮುದಿ ನಾಯಿಯಲ್ಲಿ ವಯಸ್ಸಿನಿಂದಾಗಿ ಸ್ನಾಯುಗಳು ಮೊದಲೇ ಸೊರಗಿರುತ್ತವೆ. ನಾಲ್ಕು ದಿನದ ಉಪವಾಸದಲ್ಲಿ ಕಳೆದುಕೊಂಡದ್ದನ್ನು ಮರಿ ನಾಯಿಯಂತೆ ಅದು ಬೇಗ ತುಂಬಿಕೊಳ್ಳಲಾರದು. ಆದ್ದರಿಂದ ಹಿರಿಯ ನಾಯಿಗೆ ‘ಖಾಲಿ ಬಿಡಿ’ ಎಂಬ ಸಲಹೆ ಇನ್ನೂ ಹೆಚ್ಚು ಅಪಾಯಕಾರಿ.

ಎಷ್ಟು ಹಾಕಬೇಕು? ಪ್ರಾಣಿಯ ದೇಹದ ತೂಕಕ್ಕೂ ಅದರ ಶಕ್ತಿಯ ಬಳಕೆಗೂ ಇರುವ ಸಂಬಂಧವನ್ನು 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಗುರುತಿಸಿದರು. ಶಕ್ತಿಯ ಬಳಕೆ ತೂಕದ ಮುಕ್ಕಾಲು ಘಾತಕ್ಕೆ ಅನುಪಾತದಲ್ಲಿರುತ್ತದೆ. ವಿಶ್ರಾಂತ ಸ್ಥಿತಿಯಲ್ಲಿರುವ ನಾಯಿಗೆ ದಿನಕ್ಕೆ ಬೇಕಾಗುವ ಕಿಲೋಕ್ಯಾಲೊರಿಗಳನ್ನು ತಿಳಿಯಲು ಪಶುವೈದ್ಯರು ಕಿಲೋಗ್ರಾಂ ಲೆಕ್ಕದ ತೂಕದ 0.75 ಘಾತವನ್ನು 70ರಿಂದ ಗುಣಿಸುತ್ತಾರೆ. ವಿದ್ಯಾರ್ಥಿಗಳು 10 ಕೆ.ಜಿ. ನಾಯಿಗೆ ಮಾಡಿ ನೋಡಬಹುದು. 10ರ ಘನ 1000, ಅದರ ವರ್ಗಮೂಲ 31.6, ಅದರ ವರ್ಗಮೂಲ 5.62. ಇದನ್ನು 70ರಿಂದ ಗುಣಿಸಿದರೆ ಸುಮಾರು 394. ಮೊದಲ ದಿನ ಇದರ ಕಾಲು ಭಾಗ ಅಥವಾ ಮೂರನೆಯ ಒಂದು ಭಾಗದಿಂದ ಆರಂಭಿಸಿ ಮೂರು ನಾಲ್ಕು ದಿನಗಳಲ್ಲಿ ಪೂರ್ಣ ಪ್ರಮಾಣಕ್ಕೆ ಏರಿಸುವುದು ವಾಡಿಕೆ. ಅದನ್ನೂ ದಿನಕ್ಕೆ ನಾಲ್ಕರಿಂದ ಆರು ಸಣ್ಣ ಊಟಗಳಾಗಿ ಹಂಚಬೇಕು.

ಕೊಬ್ಬಿನ ವಿಷಯದಲ್ಲಿ ಮಾತ್ರ ಹಳೆಯ ಎಚ್ಚರಿಕೆ ಇಂದಿಗೂ ನಿಂತಿದೆ. 1948ರಷ್ಟು ಹಿಂದೆಯೇ ಅಮೆರಿಕದ ಸಂಶೋಧಕರು ಅತಿ ಕೊಬ್ಬಿನ, ಕಡಿಮೆ ಪ್ರೋಟೀನಿನ ಆಹಾರ ತಿಂದ ನಾಯಿಗಳಲ್ಲಿ ಈ ಕಾಯಿಲೆಯನ್ನು ಕಂಡಿದ್ದರು. ಕಿರಿಯ ಗಾತ್ರದ ಶ್ನಾಜರ್ ತಳಿಯಲ್ಲಿ ರಕ್ತದ ಕೊಬ್ಬಿನ ಅಂಶ ಸಹಜವಾಗಿಯೇ ಹೆಚ್ಚಿರುವುದುಂಟು, ಅವಕ್ಕೆ ಅಪಾಯವೂ ಹೆಚ್ಚು. ಚೇತರಿಸಿಕೊಳ್ಳುವ ನಾಯಿಗೆ 1000 ಕಿಲೋಕ್ಯಾಲೊರಿ ಆಹಾರದಲ್ಲಿ 30 ಗ್ರಾಂ ಮೀರದಂತೆ, ಕೆಲವಕ್ಕೆ 20 ಗ್ರಾಂ ಮೀರದಂತೆ, ಕೊಬ್ಬು ಇರಬೇಕೆಂದು ಸಲಹೆ. ನಮ್ಮ 10 ಕೆ.ಜಿ. ನಾಯಿಯ 394 ಕಿಲೋಕ್ಯಾಲೊರಿಗೆ ಇದು 8ರಿಂದ 12 ಗ್ರಾಂ. ಊಟದ ಒಂದು ದೊಡ್ಡ ಚಮಚ ತುಪ್ಪ ಸುಮಾರು 13 ಗ್ರಾಂ ತೂಗುತ್ತದೆ, ಅದು ಬಹುಪಾಲು ಪೂರ್ತಿ ಕೊಬ್ಬೇ. ಪ್ರೀತಿಯ ಆ ಒಂದು ಚಮಚ ಇಡೀ ದಿನದ ಮಿತಿಯನ್ನು ದಾಟುತ್ತದೆ!

ಹಾಗಾದರೆ ಬಟ್ಟಲಿನಲ್ಲಿ ಏನಿರಬೇಕು? ಮೆತ್ತಗೆ ಬೇಯಿಸಿದ ಅನ್ನ ಅಥವಾ ಗಂಜಿ, ಚರ್ಮ ತೆಗೆದು ನೀರಿನಲ್ಲಿ ಬೇಯಿಸಿದ ಕೋಳಿಯ ಎದೆಮಾಂಸ. ಮಾಂಸ ಬೇಯಿಸದ ಮನೆಯಲ್ಲಿ, ನಾಯಿಗೆ ಒಗ್ಗುವುದಾದರೆ, ಕೆನೆ ತೆಗೆದ ಹಾಲಿನ ಮೊಸರು. ಒಗ್ಗರಣೆ, ಈರುಳ್ಳಿ, ಬೆಳ್ಳುಳ್ಳಿ ಬೇಡ. ಈರುಳ್ಳಿ ಜಾತಿಯವು ನಾಯಿಯ ಕೆಂಪು ರಕ್ತಕಣಗಳಿಗೆ ಹಾನಿಕರ. ಆದರೆ ಅನ್ನ ಮತ್ತು ಕೋಳಿಯಲ್ಲಿ ಕ್ಯಾಲ್ಸಿಯಮ್ ಮುಂತಾದವು ಸಾಲವು. ಕೆಲವು ದಿನಗಳಿಗೆ ಸರಿ, ತಿಂಗಳುಗಟ್ಟಲೆ ಕೊಡಬೇಕಾದರೆ ವೈದ್ಯರು ಸೂಚಿಸುವ ಸಮತೋಲ ಆಹಾರವೇ ಬೇಕು. ಮಾತ್ರೆಯನ್ನು ಬೆಣ್ಣೆಯಲ್ಲಿ ಅಡಗಿಸುವ ಬದಲು ಅನ್ನದ ಉಂಡೆಯಲ್ಲಿ ಅಡಗಿಸಿ. ನಮ್ಮ ನೋವಿನ ಮಾತ್ರೆಗಳನ್ನು ಎಂದೂ ಕೊಡಬಾರದು. ಅವು ನಾಯಿಗೆ ವಿಷವಾಗಬಹುದು. ಬಿಸ್ಕತ್ತು ಎಸೆಯುವ ಪಕ್ಕದ ಮನೆಯವರಿಗೂ ವಿಷಯ ತಿಳಿಸಿ.

ವಾರಕ್ಕೊಮ್ಮೆ ತೂಕ ನೋಡಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಮನೆಯ ತಕ್ಕಡಿಯ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆದರಾಯಿತು. ಬೆನ್ನುಮೂಳೆ, ತೊಡೆಗಳನ್ನು ಸವರಿ ಸ್ನಾಯು ಉಳಿದಿದೆಯೇ ನೋಡಿ. ಮತ್ತೆ ವಾಂತಿ, ನಮಸ್ಕಾರದ ಭಂಗಿ, ಊಟದ ನಿರಾಕರಣೆ ಕಂಡರೆ ಕಾಯದೆ ವೈದ್ಯರ ಬಳಿಗೆ ಒಯ್ಯಿರಿ. ಅತಿಯಾದ ಬಾಯಾರಿಕೆ ಮತ್ತು ಮೂತ್ರ ಕಂಡರೆ ಅದು ಬ್ರುನ್ನರ್ ಕಂಡ ಲಕ್ಷಣ, ಸಕ್ಕರೆ ಕಾಯಿಲೆಯಿರಬಹುದು. ಮುದಿ ನಾಯಿಯಲ್ಲಿ ಮೂತ್ರಪಿಂಡದ ತೊಂದರೆಯೂ ಆಗಿರಬಹುದು. ಚೆನ್ನಾಗಿ ತಿಂದರೂ ಸೊರಗುತ್ತ, ಬಿಳಿಚಿದ ಜಿಡ್ಡಿನ ಮಲ ಹಾಕುತ್ತಿದ್ದರೆ ಕಿಣ್ವಗಳ ಕೊರತೆಯಿರಬಹುದು. ಅದಕ್ಕೆ ಊಟದೊಡನೆ ಬೆರೆಸುವ ಕಿಣ್ವದ ಪುಡಿ ಇದೆ. ಟೊರಾಂಟೊದ ನಾಯಿಗಳನ್ನು ಉಳಿಸಿದ ಹಸಿ ಗ್ರಂಥಿಯ ಇಂದಿನ ರೂಪ ಅದು.

ಋಣ

1935ರಲ್ಲಿ, ತಮ್ಮ ಜೀವನದ ಕೊನೆಯ ವರ್ಷದಲ್ಲಿ, ಪಾವ್ಲೋವ್ ತಮ್ಮ ಸಂಸ್ಥೆಯ ಆವರಣದಲ್ಲಿ ನಾಯಿಯ ಸ್ಮಾರಕವೊಂದನ್ನು ನಿಲ್ಲಿಸಿದರು. ಪ್ರಯೋಗಗಳಲ್ಲಿ ನಾಯಿಗಳು ಪಟ್ಟ ನೋವು ಸುಳ್ಳಲ್ಲ, ಅವುಗಳಿಂದ ಬಂದ ಅರಿವೂ ಸುಳ್ಳಲ್ಲ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯು ಪ್ರಯೋಗಗಳ ಮೇಲೆ ನಿಗಾ ಇಡುವ ಸಮಿತಿಗೆ ಅವಕಾಶ ಮಾಡಿಕೊಟ್ಟಿತು. ಹತ್ತು ಮನೆ ನಾಯಿಗಳ 2011ರ ಅಧ್ಯಯನದಂತೆ, ಕಾಯಿಲೆ ಬಂದ ಪ್ರಾಣಿಗೆ ಚಿಕಿತ್ಸೆ ಕೊಡುತ್ತಲೇ ಕಲಿಯುವ ದಾರಿಯೂ ಈಗ ತೆರೆದಿದೆ. 2022ರಲ್ಲಿ ಅಮೆರಿಕದಲ್ಲಿ ನಾಯಿಗಳ ತೀವ್ರ ಪ್ಯಾಂಕ್ರಿಯಾಟೈಟಿಸ್‌ಗೆಂದೇ ರೂಪಿಸಿದ ಫ್ಯೂಜಾಪ್ಲಾಡಿಬ್ ಎಂಬ ಔಷಧಕ್ಕೆ ಷರತ್ತುಬದ್ಧ ಅನುಮತಿ ಸಿಕ್ಕಿತು. ಮನುಷ್ಯನಿಗಾಗಿ ನಾಯಿಯಿಂದ ಕಲಿತದ್ದು ಈಗ ನಾಯಿಗೇ ಮರಳುತ್ತಿದೆ.

ಶಿಕ್ಷಕರು ತರಗತಿಯಲ್ಲಿ ಜೀರ್ಣಾಂಗಗಳ ಚಿತ್ರ ಬರೆದು ಮೇದೋಜೀರಕ ಗ್ರಂಥಿಯನ್ನು ಗುರುತಿಸುವಾಗ ಈ ಕಥೆಯನ್ನೂ ಹೇಳಬಹುದು. ನಾಲಗೆಯನ್ನು ಆಳಿದ ಸಿದ್ಧಾಂತ, ಪರೀಕ್ಷಿಸದೇ ಉಳಿದ ತರ್ಕದ ಕೊಂಡಿ, ಎರಡೂ ಅದರಲ್ಲಿವೆ. ಮನೆಯಲ್ಲಿ ಮುದಿ ನಾಯಿಯೊಂದು ಚೇತರಿಸಿಕೊಳ್ಳುತ್ತಿದ್ದರೆ ಇಂದು ಸಂಜೆ ಅದರ ಬಟ್ಟಲನ್ನು ಖಾಲಿ ಬಿಡಬೇಡಿ. ವೈದ್ಯರು ಹೇಳಿದಷ್ಟು ಗಂಜಿ ಹಾಕಿ, ತುಪ್ಪವಿಲ್ಲದೆ.